ಹೊಲದಲ್ಲಿ ರಾತ್ರಿಯ ಬೆಂಕಿಗೆ ಯಾವ ಕಟ್ಟಿಗೆ ಒಳ್ಳೆಯದು?

ಪ್ರಶ್ನೆ: ಎಳ್ಳ ಅಮಾವಾಸ್ಯೆಗೆ ನಾವು ಹತ್ತು ಹನ್ನೆರಡು ಜನ ಆನೆಗೊಂದಿ ಬಳಿಯ ಬಂಧುಗಳ ಹೊಲದಲ್ಲಿ ರಾತ್ರಿ ಉಳಿಯುತ್ತೇವೆ. ಕಳೆದ ವರ್ಷ ಜಾಲಿಯನ್ನು ಅಂದೇ ಕಡಿದು ತಂದು ಬೆಂಕಿ ಹಾಕಿದಾಗ ಬರೀ ಹೊಗೆ ಬಂತು. ಪೆಟ್ರೋಲ್ ಸುರಿದರೂ ಅದು ಸರಿಯಾಗಿ ಉರಿಯಲಿಲ್ಲ. ಯಾವ ಕಟ್ಟಿಗೆಯನ್ನು ಎಲ್ಲಿಂದ, ಎಷ್ಟು ತರಬೇಕು?
– ಒಬ್ಬ ಓದುಗರು, ಗಂಗಾವತಿ

ಉತ್ತರ: ನೀವು ತಂದ ಮರದಲ್ಲಿ ತಪ್ಪಿರಲಿಲ್ಲ, ಅದು ಹಸಿಯಾಗಿತ್ತು ಅಷ್ಟೇ. ಆಗತಾನೆ ಕಡಿದ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರು ಆವಿಯಾಗುವವರೆಗೆ ಬೆಂಕಿಯ ಶಾಖವೆಲ್ಲ ಅದಕ್ಕೇ ಹೋಗುತ್ತದೆ. ಪೆಟ್ರೋಲ್ ಸುರಿದರೆ ಪೆಟ್ರೋಲ್ ಉರಿದು ಮುಗಿಯುತ್ತದೆಯೇ ಹೊರತು ಕಟ್ಟಿಗೆ ಒಣಗುವುದಿಲ್ಲ. ಅದರ ಆವಿ ನೆಲದ ಮೇಲೆ ಹರಡಿ, ಸುರಿಯುವವರ ಕೈಯಲ್ಲಿರುವ ಡಬ್ಬಿಯವರೆಗೂ ಬೆಂಕಿಯನ್ನು ಎಳೆದು ತರಬಲ್ಲದು. ದಯವಿಟ್ಟು ಈ ವರ್ಷ ಅದನ್ನು ಹೊಲಕ್ಕೆ ಒಯ್ಯಲೇಬೇಡಿ.

ನಿಮ್ಮ ಭಾಗದಲ್ಲಿ ಬಳ್ಳಾರಿ ಜಾಲಿಗಿಂತ ಉತ್ತಮವಾದ ಉರುವಲು ಸುಲಭಕ್ಕೆ ಸಿಗದು. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದು ಅಮೆರಿಕ ಖಂಡದಿಂದ ಬಂದ ಮರ. ಬುಡದಿಂದ ಕಡಿದರೂ ಮತ್ತೆ ಚಿಗುರಿ ಹೊಲಕ್ಕೆ ನುಗ್ಗುವುದರಿಂದ ಅದನ್ನು ಕಡಿದರೆ ರೈತರು ಬೇಸರಪಡುವುದಿಲ್ಲ. ಇದ್ದಿಲು ಸುಡುವವರು ಅದನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ: ಗಟ್ಟಿ ಕಟ್ಟಿಗೆ, ನಿಧಾನವಾದ ಉರಿ, ಬಹಳ ಹೊತ್ತು ನಿಲ್ಲುವ ಕೆಂಡ. ಆದರೆ ಕಡಿದು ಕೆಲವು ತಿಂಗಳು ಬಿಸಿಲು ಕಂಡಿರಬೇಕು. ಒಣಗಿದ ತುಂಡಿನ ತುದಿಯಲ್ಲಿ ನಡುವಿನಿಂದ ಹೊರಕ್ಕೆ ಸಣ್ಣ ಬಿರುಕುಗಳು ಬಿಟ್ಟಿರುತ್ತವೆ, ತೊಗಟೆ ಉಗುರಿಗೆ ಎದ್ದು ಬರುತ್ತದೆ, ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದರೆ ಟಣ್ ಎನ್ನುತ್ತದೆ. ಹಸಿಯದು ಮಂದವಾಗಿ ದಬ್ ಎನ್ನುತ್ತದೆ. ಬಂಧುಗಳ ಬದುವಿನ ಮೇಲೆ ಹಿಂದಿನ ಬೇಸಿಗೆಯಲ್ಲಿ ಕಡಿದು ಹಾಕಿದ ರಾಶಿ ಇದೆಯೇ ಎಂದು ಮೊದಲು ಕೇಳಿ.

ಅಂಥ ರಾಶಿಗೆ ನೇರವಾಗಿ ಕೈ ಹಾಕಬಾರದು. ಉದ್ದನೆಯ ಕೋಲಿನಿಂದ ಮೇಲಿನ ತುಂಡನ್ನು ನಿಮ್ಮ ಕಡೆಗೆ ಉರುಳಿಸಿ ಅಡಿಭಾಗವನ್ನು ನೋಡಿ. ಚೇಳು ತೊಗಟೆಗೆ ಅಂಟಿಕೊಂಡು ಕೂತಿರುತ್ತದೆ, ಮಂಡಲದ ಹಾವಿಗೂ ಅದು ಇಷ್ಟದ ಜಾಗ. ಜಾಲಿಯ ಮುಳ್ಳು ಚಪ್ಪಲಿಯನ್ನು ದಾಟುವುದರಿಂದ ಗಟ್ಟಿ ಬೂಟು ಹಾಕಿಕೊಂಡು ಹಗಲಿನಲ್ಲೇ ಈ ಕೆಲಸ ಮುಗಿಸಬೇಕು.

ಜಾಲಿಯ ದಪ್ಪ ತುಂಡು ತಾನಾಗಿ ಹೊತ್ತುವುದಿಲ್ಲ. ಕಡ್ಡಿಯಷ್ಟು ತೆಳುವಾದ ಪುಳ್ಳೆ ಎರಡು ಹಿಡಿ, ಅದರ ಮೇಲೆ ಬೆರಳು ದಪ್ಪದ ತೊಗರಿ ಕಟ್ಟಿಗೆ, ಅದು ಚೆನ್ನಾಗಿ ಹೊತ್ತಿದ ಮೇಲೆ ಮಣಿಕಟ್ಟು ದಪ್ಪದ ಜಾಲಿ, ಹೀಗೆ ಏರಿಸುತ್ತ ಹೋಗಿ. ಹತ್ತಿ ಕಟ್ಟಿಗೆಯೂ ಬೇಗ ಹೊತ್ತುತ್ತದೆ. ಆದರೆ ಅದಕ್ಕೆ ಔಷಧಿ ಹೊಡೆದಿರುವುದರಿಂದ ಅಡುಗೆ ಮಾಡುವ ಬೆಂಕಿಗೆ ಅದು ಬೇಡ. ಕಣಗಿಲೆಯನ್ನು ಅಪ್ಪಿತಪ್ಪಿಯೂ ಹಾಕಬೇಡಿ, ಅದರ ಹೊಗೆಯೂ ವಿಷ. ಹಾಲು ಸುರಿಸುವ ಕಳ್ಳಿ ಮತ್ತು ಎಕ್ಕವನ್ನೂ ದೂರವಿಡಿ. ಮೂರು ಗಂಟೆಯ ಸಾಧಾರಣ ಬೆಂಕಿಗೆ 20ರಿಂದ 25 ಕಿಲೋ ಒಣ ಜಾಲಿ ಸಾಕಾಗುತ್ತದೆ ಎಂಬುದು ನನ್ನ ಅನುಭವ.

ಗುಡ್ಡದ ಕಡೆಗೆ ಕಟ್ಟಿಗೆ ಆರಿಸಲು ಹೋಗಬೇಡಿ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಕಟ್ಟಿಗೆ ತರುವುದು, ಅಲ್ಲಿ ಬೆಂಕಿ ಹಾಕುವುದು ಅಪರಾಧ. ದರೋಜಿ ಕರಡಿಧಾಮದಂಥ ವನ್ಯಧಾಮಗಳಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬೆಂಕಿಯನ್ನು ನಿಷೇಧಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಗುಡ್ಡದಲ್ಲಿ ಬಿದ್ದು ಗೆದ್ದಲು ಹಿಡಿದ ಒಣ ಮರವೇ ಕರಡಿಯ ಊಟದ ತಾಣ.

ಭತ್ತದ ಹುಲ್ಲಿನ ಬಣವೆಯಿಂದ ಬಹಳ ದೂರದಲ್ಲಿ, ಗಾಳಿ ಬಣವೆಯ ಕಡೆಗೆ ಬೀಸದಂತೆ ನೋಡಿಕೊಂಡು, ಸುತ್ತ ಹತ್ತು ಅಡಿ ಕೂಳೆ, ಕಸವನ್ನು ತೆಗೆದು ಬೆಂಕಿ ಹಾಕಿ. ಸುತ್ತ ಇಡಲು ತುಂಗಭದ್ರೆಯ ದಡದ ಕಲ್ಲು ತರಬೇಡಿ. ಒಳಗೆ ನೀರು ಹಿಡಿದ ಕಲ್ಲು ಕಾದಾಗ ಸಿಡಿಯುತ್ತದೆ. ಜಾಲಿಯ ಕೆಂಡ ಬೂದಿಯಡಿ ಬೆಳಗಿನವರೆಗೂ ಜೀವ ಹಿಡಿದಿರುತ್ತದೆಯಾದ್ದರಿಂದ, ಮಲಗುವ ಮುನ್ನ ಎರಡು ಮೂರು ಕೊಡ ನೀರು ಸುರಿದು, ಕೋಲಿನಿಂದ ಕೆದಕಿ, ಮತ್ತೆ ಸುರಿದು, ಅಂಗೈ ಹಿಂಭಾಗವನ್ನು ಬೂದಿಯ ಹತ್ತಿರ ಹಿಡಿದು ಬಿಸಿ ತಾಕುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ.