ಬೋಲಾ ದೆ ನಿಯೆವೆ: ಎಲ್ಲಿಂದ ಕೇಳಬೇಕು, ಕೀಬೋರ್ಡ್ ಮೇಲೆ ಹೇಗೆ ಕೂರಿಸಬೇಕು

ಮೇಡಂ, ನೀವು ಕೇಳಿದ್ದು ಮೂರು ವಿಷಯ. ಪಾಂಚೊ ಸೆಸ್ಪೆದೆಸ್ ಮತ್ತು ಗೊನ್ಸಾಲೊ ರುಬಲ್ಕಾಬಾ ಮಾಡಿರುವ ‘ಕೋನ್ ಎಲ್ ಪೆರ್ಮಿಸೊ ದೆ ಬೋಲಾ’ ಆಲ್ಬಮ್ ಇಷ್ಟವಾಯಿತು, ಈ ಬೋಲಾ ಯಾರು? ಅವರನ್ನು ಕೇಳೋಕೆ ಎಲ್ಲಿಂದ ಶುರು ಮಾಡಬೇಕು? ಕೀಬೋರ್ಡ್ ನುಡಿಸಿಕೊಂಡು ಭಾವಗೀತೆ ಹಾಡುವ ನಾನು ಇಂಥ ಒಂದು ಹಾಡನ್ನು ಕಲಿಯಬಹುದಾ? ಮೇಲೆ ಇನ್ನೊಬ್ಬರು ‘ಇದು ಹೋಟೆಲಲ್ಲಿ ಊಟದ ಹೊತ್ತಿಗೆ ಹಾಕೋ ಪಿಯಾನೊ ಅಷ್ಟೇ’ ಅಂತ ಬರೆದಿದ್ದಾರೆ. ಅವರಿಗೂ ಇದರಲ್ಲೇ ಉತ್ತರ ಇದೆ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ.

ಮೊದಲು ಮನುಷ್ಯನ ಬಗ್ಗೆ. ಬೋಲಾ ದೆ ನಿಯೆವೆ ಅನ್ನೋದು ಅಡ್ಡಹೆಸರು, ಸ್ಪ್ಯಾನಿಷ್‌ನಲ್ಲಿ ‘ಹಿಮದ ಉಂಡೆ’ ಅಂತ ಅರ್ಥ. ನಿಜವಾದ ಹೆಸರು ಇಗ್ನಾಸಿಯೊ ವಿಯಾ. 1911ರಲ್ಲಿ ಕ್ಯೂಬಾದ ಗ್ವಾನಾಬಕೋವಾದಲ್ಲಿ ಹುಟ್ಟಿದರು. ಅದು ಹವಾನಾ ಕೊಲ್ಲಿಯ ಆಚೆ ಕಡೆಯ ಊರು. ಸಂಗೀತಗಾರ ಎರ್ನೆಸ್ತೊ ಲೆಕ್ವೋನಾ ಮತ್ತು ಗಾಯಕಿ ರೀಟಾ ಮೊಂಟಾನೆರ್ ಕೂಡ ಅದೇ ಊರಿನವರು. ಒಂದೇ ಊರಿಂದ ಮೂರು ಜನ, ಅದೇನು ನೀರು ಕುಡಿದರೋ! ಬೋಲಾ ಹುಡುಗರಾಗಿದ್ದಾಗ ಮೂಕಿ ಸಿನಿಮಾಗಳಿಗೆ ಪಿಯಾನೊ ನುಡಿಸುತ್ತಿದ್ದರು. ಆಮೇಲೆ ರೀಟಾಗೆ ಪಕ್ಕವಾದ್ಯ ನುಡಿಸೋಕೆ ಸೇರಿದರು, 1933ರಲ್ಲಿ ಅವರ ಜೊತೆ ಮೆಕ್ಸಿಕೊಗೆ ಹೋದರು. ಅಲ್ಲಿ ರೀಟಾ ಅವರ ಗಂಟಲು ಕೈಕೊಟ್ಟ ದಿನ ಬೋಲಾ ಒಬ್ಬರೇ ಕೂತು ಹಾಡಿದರು, ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು ಅಂತ ಹೇಳುತ್ತಾರೆ. ಕಪ್ಪು ಮೈಬಣ್ಣದ, ಗುಂಡು ಮುಖದ ಈ ಮನುಷ್ಯನಿಗೆ ‘ಹಿಮದ ಉಂಡೆ’ ಅನ್ನೋ ಲೇವಡಿಯ ಹೆಸರು ಪೋಸ್ಟರ್ ಮೇಲೆ ಅಂಟಿಕೊಂಡಿದ್ದೂ ಆ ಕಾಲದಲ್ಲೇ.

ಇಲ್ಲಿಂದ ಮುಂದಿನದೇ ನಿಮಗೆ ಮುಖ್ಯ. ಬೋಲಾ ಅವರದು ‘ಒಳ್ಳೆಯ’ ಕಂಠ ಅಲ್ಲ. ಒಡಕು ದನಿ. ಬೀದಿಯಲ್ಲಿ ಮಾವಿನಹಣ್ಣು ಮಾರುವವರ ದನಿ ನನ್ನದು ಅಂತ ಅವರೇ ತಮಾಷೆ ಮಾಡಿಕೊಳ್ಳುತ್ತಿದ್ದರು. ಆದರೆ ಪಿಯಾನೊ ಕೈ ಮಾತ್ರ ಶಾಸ್ತ್ರೀಯವಾಗಿ ಕಲಿತ ಕೈ. ಅರ್ಧ ಹಾಡು, ಅರ್ಧ ಮಾತು. ಸಾಲಿನ ಮಧ್ಯೆ ತಡೆದು ನಿಲ್ಲುತ್ತಾರೆ, ನಗುತ್ತಾರೆ, ಪಿಸುಗುಡುತ್ತಾರೆ. ಬಾಯಿ ನಿಂತ ಕಡೆ ಕೈ ಮಾತು ಮುಂದುವರಿಸುತ್ತೆ. ನಮ್ಮ ಕಂಪನಿ ನಾಟಕದಲ್ಲಿ ಕಾಲುಪೆಟ್ಟಿಗೆ ತುಳಿಯುತ್ತಲೇ ತಾನೂ ರಂಗಗೀತೆ ಎತ್ತಿಕೊಡುತ್ತಿದ್ದ ಮೇಷ್ಟ್ರನ್ನು ನೆನಪಿಸಿಕೊಳ್ಳಿ, ಸುಮಾರು ಆ ಥರ. ದನಿ ಬೇರೆ, ವಾದ್ಯ ಬೇರೆ ಅಂತ ಅನ್ನಿಸೋದೇ ಇಲ್ಲ.

ಹೋಟೆಲ್ ಪಿಯಾನೊ ಅಂದವರಿಗೆ: ಹೌದು ಸ್ವಾಮಿ, ಅದು ನಿಜವಾಗಿಯೂ ಹೋಟೆಲ್ ಪಿಯಾನೊನೇ! ಅವರು ನ್ಯೂಯಾರ್ಕಿನ ದೊಡ್ಡ ಸಭಾಂಗಣ ಕಾರ್ನೆಗೀ ಹಾಲ್‌ನಲ್ಲೂ ಹಾಡಿದ್ದಾರೆ. ಆದರೆ 1960ರ ದಶಕದಲ್ಲಿ ಹವಾನಾದ ಜನ ಅವರನ್ನು ಕೇಳೋಕೆ ಹೋಗುತ್ತಿದ್ದಿದ್ದು ವೆದಾದೊ ಬಡಾವಣೆಯ ಮೊನ್ಸಿನ್ಯೋರ್ ಅನ್ನೋ ರೆಸ್ಟೋರೆಂಟಿಗೆ. ತಟ್ಟೆ ಲೋಟದ ಸದ್ದಿನ ಮಧ್ಯೆ ಜನರನ್ನು ಸುಮ್ಮನಾಗಿಸೋಕೆ ಬೇಕಾದ ವಿದ್ಯೆ ದೊಡ್ಡ ಸಭಾಂಗಣದ ವಿದ್ಯೆಗಿಂತ ಕಡಿಮೆ ಅಲ್ಲ. ಊಟದ ಹೊತ್ತಿಗೆ ಹಾಕಿ ನೋಡಿ, ತುತ್ತು ಕೈಯಲ್ಲೇ ಉಳಿಯುತ್ತೆ.

ಈಗ ನೀವು ಕೇಳಿದ ಆಲ್ಬಮ್. ಹೆಸರಿನಲ್ಲೇ ‘ಬೋಲಾ ಅಪ್ಪಣೆ ಕೇಳಿ’ ಅಂತ ಇದೆ. ಬಂದಿದ್ದು 2006ರಲ್ಲಿ. ಸೆಸ್ಪೆದೆಸ್ ಕ್ಯೂಬಾದವರು, ಓದಿದ್ದು ಡಾಕ್ಟರಿಕೆ, ನೆಲೆ ನಿಂತಿದ್ದು ಮೆಕ್ಸಿಕೊದಲ್ಲಿ. ರುಬಲ್ಕಾಬಾ ಹವಾನಾದಲ್ಲಿ 1963ರಲ್ಲಿ ಹುಟ್ಟಿದ ಜಾಝ್ ಪಿಯಾನೊ ವಾದಕ. ನೆನಪಿಡಿ, ಒಬ್ಬರು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಇಬ್ಬರು ಹಂಚಿಕೊಂಡಿದ್ದಾರೆ. ಬೋಲಾಗೆ ಗೌರವ ಸಲ್ಲಿಸೋಕೆ ಹೊರಟ ಎಲ್ಲರಿಗೂ ಎದುರಾಗೋ ತೊಡಕು ಇದೇ. ಒಂದೇ ತಲೆಯಿಂದ ಬರುತ್ತಿದ್ದ ಬಾಯಿ ಮತ್ತು ಕೈ ಈಗ ಎರಡು ತಲೆಗಳ ಪಾಲು. ಹಾಡುವವರು ಎಲ್ಲಿ ತಡೆಯುತ್ತಾರೆ ಅಂತ ನುಡಿಸುವವರಿಗೆ ಮೊದಲೇ ಗೊತ್ತಿರಲ್ಲ. ಕಾಯಬೇಕು, ಊಹಿಸಬೇಕು. ರುಬಲ್ಕಾಬಾ ಕೈಯಲ್ಲಿ ಬೆಂಕಿ ಇದೆ, ಬೇಕಾದರೆ ಎಲ್ಲರನ್ನೂ ಮುಳುಗಿಸಬಲ್ಲರು. ಇಲ್ಲಿ ಅವರು ತಡೆದುಕೊಂಡ ಜಾಗಗಳೇ ನನಗೆ ಹೆಚ್ಚು ಹಿಡಿಸಿದ್ದು. ಸೆಸ್ಪೆದೆಸ್ ದನಿಯಲ್ಲೂ ಒರಟುತನ ಇದೆ, ಆದರೆ ಅದು ಅವರದೇ ಒರಟುತನ. ಬೋಲಾ ಅವರ ಅಣಕು ಮಾಡಲಿಲ್ಲವಲ್ಲ, ಅದಕ್ಕೇ ಆಲ್ಬಮ್ ಉಳಿದುಕೊಂಡಿತು. ನನ್ನ ತಕರಾರು ಅಂದರೆ ನಗು ಕಡಿಮೆ. ಬೋಲಾ ತುಂಟ. ಈ ಆಲ್ಬಮ್ ಪೂರಾ ನಿಟ್ಟುಸಿರು.

ಆ ತುಂಟತನ, ಆ ನಾಟಕ ಬೇಕು ಅಂದರೆ ಸ್ಪೇನಿನ ಮಾರ್ತೀರಿಯೊ ಮತ್ತು ಚಾನೊ ದೊಮಿಂಗೆಸ್ ಅವರ ‘ಆ ಬೋಲಾ ದೆ ನಿಯೆವೆ’ ಕೇಳಿ, 2019ರದು. ಮಾರ್ತೀರಿಯೊ ಯಾವಾಗಲೂ ಕಪ್ಪು ಕನ್ನಡಕ, ತಲೆಯಲ್ಲಿ ದೊಡ್ಡ ಬಾಚಣಿಗೆ ಸಿಕ್ಕಿಸಿಕೊಂಡು ವೇದಿಕೆಗೆ ಬರುವ ಗಾಯಕಿ. ಅಲ್ಲಿನ ಕೊಪ್ಲಾ ಅನ್ನೋ ಕಥೆ ಹೇಳುವ ಹಾಡುಗಳಲ್ಲಿ ಪಳಗಿದವರು. ಚಾನೊ ಕಾದಿಸ್ ಊರಿನವರು, ಫ್ಲಮೆಂಕೊ ಅನ್ನೋ ದಕ್ಷಿಣ ಸ್ಪೇನಿನ ಹಾಡು-ಕುಣಿತದ ಸಂಗೀತ ಮತ್ತು ಜಾಝ್ ಎರಡನ್ನೂ ಪಿಯಾನೊ ಮೇಲೆ ಬೆರೆಸಿದವರು. ಇವರಿಬ್ಬರೂ 1990ರ ದಶಕದಿಂದಲೇ ಜೊತೆಗೆ ಕೆಲಸ ಮಾಡಿದ್ದಾರೆ, ಹಾಗಾಗಿ ನಾನು ಮೇಲೆ ಹೇಳಿದ ತೊಡಕು ಇವರಿಗೆ ಅರ್ಧ ಕಡಿಮೆ. ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತು.

ಇವೆರಡು ಬೋಲಾ ಹೆಸರಲ್ಲೇ ಮಾಡಿದ ಆಲ್ಬಮ್‌ಗಳು. ಅವರ ಹೆಸರಿಲ್ಲದೆ ಅವರ ಹಾಡುಗಳನ್ನು ಎತ್ತಿಕೊಂಡವರು ಇನ್ನೂ ಜಾಸ್ತಿ. ‘ವೇತೆ ದೆ ಮಿ’ ಒಂದೇ ಹಾಡು ಹಿಡಿದುಕೊಳ್ಳಿ ಸಾಕು. ಅದು ಬೋಲಾ ಬರೆದಿದ್ದಲ್ಲ, ಅರ್ಜೆಂಟೀನಾದ ಎಕ್ಸ್‌ಪೋಸಿತೊ ಅಣ್ಣತಮ್ಮಂದಿರದು. ‘ನನ್ನನ್ನು ಬಿಟ್ಟು ಹೋಗು’ ಅಂತ ದಣಿದ ಜೀವವೊಂದು ಎಳೆಯ ಪ್ರೀತಿಗೆ ಹೇಳುವ ಹಾಡು. ಬೋಲಾ ಹಾಡಿದ ಮೇಲೆ ಅದು ಅವರದೇ ಅನ್ನುವಷ್ಟು ಅವರಿಗೆ ಅಂಟಿಕೊಂಡಿತು. ಬ್ರೆಜಿಲಿನ ಕಾಯೆತಾನೊ ವೆಲೋಸೊ 1994ರ ‘ಫೀನಾ ಎಸ್ತಾಂಪಾ’ ಆಲ್ಬಮ್‌ನಲ್ಲಿ ಅದನ್ನು ಹಾಡಿದ್ದಾರೆ, ನುಣುಪಾಗಿ, ತೂಗಿ ತೂಗಿ. 2003ರ ‘ಲಾಗ್ರಿಮಾಸ್ ನೆಗ್ರಾಸ್’ ಆಲ್ಬಮ್‌ನಲ್ಲಿ ಫ್ಲಮೆಂಕೊ ಗಾಯಕ ಡಿಯೆಗೊ ಎಲ್ ಸಿಗಾಲಾ ಹಾಡಿದ್ದಾರೆ, ಪಿಯಾನೊ ಕ್ಯೂಬಾದ ಬೆಬೊ ವಾಲ್ದೆಸ್ ಅವರದು. ಬೆಬೊಗೆ ಆಗಲೇ ಎಂಬತ್ತು ದಾಟಿತ್ತು. ಕ್ಯೂಬಾ ಬಿಟ್ಟು ಸ್ವೀಡನ್ನಿನಲ್ಲಿ ವರ್ಷಗಟ್ಟಲೆ ಹೋಟೆಲ್ ಪಿಯಾನೊ ನುಡಿಸಿದವರು ಅವರು. ಮತ್ತೆ ಹೋಟೆಲ್ಲೇ ಬಂತು ನೋಡಿ. ಸಿಗಾಲಾ ಗಂಟಲು ಹರಿಯುವ ಹಾಗೆ ಹಾಡುತ್ತಿದ್ದರೂ ಬೆಬೊ ಒಂದು ಸ್ವರವನ್ನೂ ದಂಡ ಮಾಡುವುದಿಲ್ಲ.

ಕೇಳುವ ಕ್ರಮ ಹೀಗಿರಲಿ. ಮೊದಲು ಬೋಲಾ ಹಾಡಿದ ‘ವೇತೆ ದೆ ಮಿ’. ಆಮೇಲೆ ಸಿಗಾಲಾ-ಬೆಬೊ. ಆಮೇಲೆ ಕಾಯೆತಾನೊ. ಮತ್ತೆ ಬೋಲಾ. ಎರಡನೇ ಸಲ ಹಾಡಿಗೆ ಕಿವಿ ಕೊಡಬೇಡಿ, ಪಿಯಾನೊ ಯಾವಾಗ ಸುಮ್ಮನಿರುತ್ತೆ ಅನ್ನೋದನ್ನು ಮಾತ್ರ ಗಮನಿಸಿ. ನೀವು ಕಲಿಯಬೇಕಾದ ಪಾಠ ಅಷ್ಟೂ ಅಲ್ಲಿದೆ. ಸಾಧ್ಯವಾದರೆ ಬೋಲಾ ಅವರ ವಿಡಿಯೋ ನೋಡಿ, ಮುಖ ಜನರ ಕಡೆ ಇರುತ್ತೆ, ಬೆರಳು ತಾವಾಗೇ ಓಡುತ್ತವೆ. ಇನ್ನೊಂದು ಗೊಂದಲ ತಪ್ಪಿಸಿಕೊಳ್ಳಿ. ‘ದ್ರೂಮಿ ಮೊಬಿಲಾ’ ಬೋಲಾ ಅವರದೇ ಜೋಗುಳ. ‘ದ್ರುಮೆ ನೆಗ್ರೀತಾ’ ಬೇರೆ ಜೋಗುಳ, ಗ್ರೆನೆಟ್ ಮನೆತನದ ಹೆಸರಲ್ಲಿರುವುದು. ಬೋಲಾ ಅದನ್ನೂ ಹಾಡುತ್ತಿದ್ದರು. ಹುಡುಕಿದಾಗ ಎರಡೂ ಕಲಸಿಕೊಂಡು ಬರುತ್ತವೆ.

ಈಗ ಕಲಿಯೋ ವಿಷಯ. ಕಲಿಯಬಹುದಾ ಅಂದರೆ ಖಂಡಿತ. ನಿಮ್ಮ ಹಾಗೆ ಒಬ್ಬರೇ ಹಾಡಿ ನುಡಿಸುವವರಿಗೆ ಆ ಇಬ್ಬಿಬ್ಬರಿಗೆ ಇಲ್ಲದ ಅನುಕೂಲ ಇದೆ. ಆದರೆ ಕೀಬೋರ್ಡಿನ ಆಟೋ ರಿದಮ್, ಅಂದರೆ ತಾನಾಗೇ ಬಾರಿಸೋ ತಾಳ, ಮೊದಲು ಆಫ್ ಮಾಡಿ. ಅದು ಆನ್ ಇದ್ದರೆ ನೀವು ತಡೆಯುವ ಹಾಗೇ ಇಲ್ಲ, ಹಿಂದಿನಿಂದ ದಬ್ಬುತ್ತಲೇ ಇರುತ್ತೆ. ಸ್ಟ್ರಿಂಗ್ಸ್ ಬೆರೆಸಬೇಡಿ, ಬರೀ ಪಿಯಾನೊ ಟೋನ್ ಇಟ್ಟುಕೊಳ್ಳಿ. ಸ್ವರ ಉಳಿಸುವ ಸಸ್ಟೇನ್ ಪೆಡಲ್ ಇದ್ದರೆ ಕಾರ್ಡ್ (ಒಟ್ಟಿಗೆ ಒತ್ತುವ ಮೂರ್ನಾಲ್ಕು ಸ್ವರ) ಬದಲಾದಾಗೆಲ್ಲ ಕಾಲು ಎತ್ತಿ, ಇಲ್ಲದಿದ್ದರೆ ಎಲ್ಲ ಕಲಸಿ ಗೊಜ್ಜಾಗುತ್ತೆ.

ಶ್ರುತಿ ಆರಿಸುವಾಗ ನೀವು ಎತ್ತರದಲ್ಲಿ ಎಷ್ಟು ಮುಟ್ಟಬಲ್ಲಿರಿ ಅಂತ ಲೆಕ್ಕ ಹಾಕಬೇಡಿ. ಮಾಮೂಲಾಗಿ ಮಾತಾಡುವ ದನಿ ಎಲ್ಲಿದೆಯೋ ಹಾಡಿನ ಮೊದಲ ಸಾಲು ಅಲ್ಲೇ ಬೀಳಬೇಕು. ಭಾವಗೀತೆಗೆ ನೀವು ಇಟ್ಟುಕೊಳ್ಳುವ ಶ್ರುತಿಗಿಂತ ಕೆಳಗೇ ಬರಬಹುದು, ಬರಲಿ.

ಮೊದಲ ವಾರ ಕೀಬೋರ್ಡ್ ಮುಟ್ಟಬೇಡಿ. ಸಾಹಿತ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಪ್ರತಿ ಸಾಲಿನ ಅರ್ಥ ತಿಳಿದುಕೊಂಡು, ಎದುರಿಗೆ ಯಾರೋ ಕೂತಿದ್ದಾರೆ ಅನ್ನೋ ಹಾಗೆ ಮಾತಲ್ಲಿ ಹೇಳಿ. ಸ್ಪ್ಯಾನಿಷ್‌ನಲ್ಲಿ ‘h’ ಅಕ್ಷರ ಬರೆದಿದ್ದರೂ ಉಚ್ಚಾರ ಇಲ್ಲ. ‘ವೇತೆ’ ಅಂತ ಬರೆದಿದ್ದು ಬಾಯಲ್ಲಿ ‘ಬೇತೆ’ ಅಂತಲೇ ಕೇಳಿಸುತ್ತೆ. ಎಲ್ಲಿ ಉಸಿರು ನಿಲ್ಲುತ್ತೋ ಅಲ್ಲಿ ಗೆರೆ ಹಾಕಿ. ಆಮೇಲೆ ಸಾಲು ಮುಗಿದ ಜಾಗದಲ್ಲಿ ಮಾತ್ರ ಒಂದು ಕಾರ್ಡ್ ಹಿಡಿಯಿರಿ. ಹಾಡುತ್ತಿರುವಾಗ ಕೈ ಮಡಿಲಲ್ಲಿರಲಿ. ಇದು ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲ ಸುಮ್ನೆ.

ಅದು ಕೂತ ಮೇಲೆ ಎಡಗೈ. ಈ ಹಾಡುಗಳು ಬೊಲೆರೊ ಅನ್ನೋ ಪ್ರೇಮಗೀತೆಯ ಬಗೆ, ಅದರದು ನಾಲ್ಕು ಎಣಿಕೆಯ ನಿಧಾನದ ನಡೆ. ಒಂದಕ್ಕೆ ಕೆಳಗಿನ ಸ್ವರ ಒತ್ತಿ ಎರಡರವರೆಗೂ ಹಿಡಿಯಿರಿ, ಮೂರಕ್ಕೆ ಒಂದು, ನಾಲ್ಕಕ್ಕೆ ಒಂದು. ಇದನ್ನು ನಿದ್ದೆಯಲ್ಲೂ ನುಡಿಸುವಷ್ಟು ರೂಢಿ ಮಾಡಿಕೊಂಡು, ಆಮೇಲೆ ಬೇಕಾದ ಕಡೆ ಬಿಟ್ಟುಬಿಡಿ. ಬೋಲಾ ಹಾಗೇ ಮಾಡುತ್ತಿದ್ದರು. ನಡೆ ಒಳಗೆ ಇರುತ್ತೆ, ಹೊರಗೆ ಕೇಳಿಸಲೇಬೇಕು ಅಂತೇನಿಲ್ಲ. ಬಲಗೈ ಕೊನೆಗೆ. ಹಾಡಿನ ಮಟ್ಟನ್ನೇ ಬಲಗೈಯಲ್ಲಿ ನುಡಿಸುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕೆ ಇದೆ, ಹಾರ್ಮೋನಿಯಂನಿಂದ ಬಂದಿದ್ದು. ಇಲ್ಲಿ ಅದು ಬೇಡ. ದನಿ ಹಾಡುವಾಗ ಬಲಗೈ ಸುಮ್ಮನಿರಲಿ, ನೀವು ಗೆರೆ ಹಾಕಿದ ಜಾಗದಲ್ಲಿ ಎರಡು ಮೂರು ಸ್ವರದ ಉತ್ತರ ಕೊಡಲಿ.

ಒಡಕು ದನಿ ತರೋಕೆ ಮಾತ್ರ ಹೋಗಬೇಡಿ. ಗಂಟಲು ಕೆಡುತ್ತೆ, ಕೇಳೋಕೂ ಚೆನ್ನಾಗಿರಲ್ಲ. ಶುರುವಿಗೆ ಬೋಲಾ ಅವರೇ ಕಟ್ಟಿದ ‘ಸಿ ಮೆ ಪುದಿಯೆರಾಸ್ ಕೆರೆರ್’ ತಗೊಳ್ಳಿ, ‘ವೇತೆ ದೆ ಮಿ’ ಆಮೇಲೆ ನೋಡೋಣ, ಅದರಲ್ಲಿ ಕಾರ್ಡ್‌ಗಳು ಬೇಗ ಬೇಗ ಜಾರುತ್ತವೆ. ಒಂದು ಹಂತಕ್ಕೆ ಬಂದ ಮೇಲೆ ರೆಕಾರ್ಡ್ ಮಾಡಿ ಇಲ್ಲೇ ಹಾಕಿ. ಫೋನನ್ನು ಕೀಬೋರ್ಡ್ ಸ್ಪೀಕರ್ ಮೇಲೆ ಇಡಬೇಡಿ, ನಿಮ್ಮ ಎದುರಿಗೆ ಎರಡು ಮೂರು ಅಡಿ ದೂರದಲ್ಲಿ ಇಡಿ, ಫ್ಯಾನ್ ಆಫ್ ಮಾಡಿ. ಯಾವ ಶ್ರುತಿ ಅಂತಲೂ ಬರೆಯಿರಿ, ಆಗ ಕಾರ್ಡ್‌ಗಳ ಬಗ್ಗೆ ಹೇಳೋಕೆ ನನಗೂ ಸುಲಭ ಆಗುತ್ತೆ.