ಫಾರ್ಮಿನಲ್ಲಿ ಇಲ್ಲದ ಜಿಲ್ಲೆ

ತಂಗೀ, ನೀನು ಬರೆದದ್ದು ಓದಿದೆ. ಬದಿಯಡ್ಕದಿಂದ ಶಾರ್ಜಾಕ್ಕೆ ಬಂದು ಎರಡು ತಿಂಗಳು, ಸಿಕ್ಕಿದವರೆಲ್ಲ 'ನಾಟಿಲ್ ಎವಿಡೆಯಾ' (ಊರಲ್ಲಿ ಎಲ್ಲಿ) ಎಂದು ಮಲಯಾಳದಲ್ಲಿ ಕೇಳುತ್ತಾರೆ, ಕಾಸರಗೋಡು ಎಂದ ಕೂಡಲೇ ಮಲಯಾಳಿ ಸಂಘಕ್ಕೆ ಕರೆಯುತ್ತಾರೆ, ಕನ್ನಡದವರು ಮಾತ್ರ 'ಓ, ಕೇರಳದವರಾ' ಎನ್ನುತ್ತಾರೆ. 'ಅಕ್ಕಾ, ಇಲ್ಲಿ ನಮ್ಮ ರಾಜ್ಯದವರು ಅಂದ್ರೆ ಯಾರು' ಎಂದು ಕೇಳಿದ್ದೀಯ. ನಾನು ಪೆರ್ಲದವಳು. ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷವಾಯಿತು.

ಬಂದ ವರ್ಷ ಒಂದು ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋಗಿದ್ದೆವು. ಸದಸ್ಯರಾಗಲು ಫಾರ್ಮ್ ಕೊಟ್ಟರು. ಜಿಲ್ಲೆಗಳ ಪಟ್ಟಿಯಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಉಂಟು, ಕಾಸರಗೋಡು ಇಲ್ಲ. 'ದಕ್ಷಿಣ ಕನ್ನಡಕ್ಕೇ ಗುರುತು ಹಾಕು, ಯಾರು ನೋಡ್ತಾರೆ' ಎಂದರು ಇವರು. ಅಜ್ಜನ ಕಾಲದಲ್ಲಾದರೆ ಅದು ಸರಿಯೇ ಇತ್ತು. ನನಗೆ ಮನಸ್ಸಾಗಲಿಲ್ಲ. ಕೊನೆಯಲ್ಲಿ 'ಇತರೆ' ಎಂದಿತ್ತು, ಅಲ್ಲಿ ಹಾಕಿದೆ. ಊಟಕ್ಕೆ ಕೂತಾಗ ಪಕ್ಕದವರೊಬ್ಬರು ಬಹಳ ಪ್ರೀತಿಯಿಂದಲೇ ಕೇಳಿದರು, 'ನಿಮ್ಮ ಕೇರಳದಲ್ಲೂ ಯಕ್ಷಗಾನ ಇದೆಯಾ?' ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬ ನಮ್ಮ ಕುಂಬಳೆಯವನು ಎಂದೆ. ಕವಿ ಗೋವಿಂದ ಪೈಗಳು ನಮ್ಮ ಮಂಜೇಶ್ವರದವರು ಎಂದೆ. ಪಾಪ, ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

ನವೆಂಬರ್ 1 ಬರಲಿ, ಆಗ ನಿನಗೆ ಸರಿಯಾಗಿ ಗೊತ್ತಾಗುತ್ತದೆ. 1956ರ ಅದೇ ದಿನ ಕನ್ನಡನಾಡು ಒಂದಾಯಿತು, ಅದೇ ದಿನ ಕೇರಳ ಹುಟ್ಟಿತು, ಅದೇ ದಿನ ನಾವು ಕಾಸರಗೋಡಿನವರು ಕೇರಳದ ಕಡೆಗೆ ಹೋದೆವು. ಇಲ್ಲಿ ಒಂದೇ ವಾರಾಂತ್ಯಕ್ಕೆ ಒಂದು ಹಾಲ್‌ನಲ್ಲಿ ರಾಜ್ಯೋತ್ಸವ, ಇನ್ನೊಂದರಲ್ಲಿ ಕೇರಳ ಪಿರವಿ ಬಿದ್ದರೆ ನಾನು ಎರಡಕ್ಕೂ ಹೋಗುತ್ತೇನೆ. ಎರಡರಲ್ಲೂ ಶಾಲು ಹೊದಿಸಿ ಮುಗಿಯುವಾಗ ಮಕ್ಕಳು ನಿದ್ದೆ ಮಾಡಿರುತ್ತಾರೆ. ಚಂದ್ರಗಿರಿ ಹೊಳೆಯಿಂದ ಉತ್ತರದ್ದು ಕರ್ನಾಟಕಕ್ಕೆ ಸೇರಲಿ ಎಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿದ್ದನ್ನು, ಅದು ಜಾರಿಯಾಗದೇ ಹೋದದ್ದನ್ನು ಅಜ್ಜನ ಬಾಯಲ್ಲಿ ಸಾವಿರ ಸಲ ಕೇಳಿದವಳು ನಾನು. ಆ ಬೇಸರ ಇದೆ. ಆದರೆ ಅದನ್ನು ಹಿಡಿದುಕೊಂಡು ಇಲ್ಲಿ ಮಲಯಾಳಿಗಳನ್ನು ದೂರ ಇಟ್ಟರೆ ನಿನ್ನ ಅಡುಗೆಮನೆಯೇ ನಡೆಯುವುದಿಲ್ಲ.

ನಿಜವಾಗಿ ಹೇಳುತ್ತಿದ್ದೇನೆ. ನಮ್ಮೂರಿನ ರುಚಿ ಇಲ್ಲಿ ಸಿಗುವುದು ಮಲಯಾಳಿ ಅಂಗಡಿಯಲ್ಲಿ, ಮಲಯಾಳಂ ಹೆಸರಿನಲ್ಲಿ. ಪತ್ರೊಡೆಗೆ ಕೆಸುವಿನ ಎಲೆ ಬೇಕಾ? 'ಚೇಂಬಿಲ' ಎಂದು ಕೇಳು. ಜೀಗುಜ್ಜೆಗೆ 'ಕಡಚಕ್ಕ'. ಎಳೆ ಹಲಸಿನ ಗುಜ್ಜೆಗೆ 'ಇಡಿಚಕ್ಕ'. ನಮ್ಮ ಹೊಸ ವರ್ಷ ಬಿಸುವಿನ ಹಿಂದಿನ ದಿನ ಕಣಿಗೆ ಕಕ್ಕೆ ಹೂವು ಕೂಡ ಅಲ್ಲೇ, 'ಕಣಿಕೊನ್ನ' ಎಂದು ಕಟ್ಟಿಟ್ಟಿರುತ್ತಾರೆ. ಬೆಂಗಳೂರಿನವರಿಗೆ ಯುಗಾದಿ ಮುಗಿದರೆ ಹೊಸ ವರ್ಷ ಮುಗಿಯಿತು. ಏಪ್ರಿಲ್ ನಡುವೆ ಬೆಳಗ್ಗೆ ಕಣ್ಣುಮುಚ್ಚಿಕೊಂಡೇ ಎದ್ದು ಸೌತೆಕಾಯಿ, ತೆಂಗಿನಕಾಯಿ, ಕನ್ನಡಿ ನೋಡುವ ನಮ್ಮ ಪದ್ಧತಿ ನಿನ್ನ ಪಕ್ಕದ ಫ್ಲ್ಯಾಟಿನ ತ್ರಿಶೂರಿನವಳಿಗೆ ಬೇಗ ಅರ್ಥವಾಗುತ್ತದೆ. ಕುಚ್ಚಿಲಕ್ಕಿ ಮಾತ್ರ ಊರಿಂದಲೇ ತಾ. ಮಲಯಾಳಿಗಳ ಮಟ್ಟ ಅಕ್ಕಿಯ ಗಂಜಿ ಬೇರೆಯೇ. ಈ ವಿಷಯದಲ್ಲಿ ನನ್ನಲ್ಲಿ ರಾಜಿ ಇಲ್ಲ.

ಹಾಗೆಂದು ಕನ್ನಡದವರನ್ನು ಬಿಡಬೇಡ. ದುಬೈಯಲ್ಲಿ ಮಕ್ಕಳಿಗೆ ಶುಲ್ಕವಿಲ್ಲದೆ ಕನ್ನಡ ಕಲಿಸುವವರಿದ್ದಾರೆ, ಯಕ್ಷಗಾನ ಕಲಿಸುವವರೂ ಇದ್ದಾರೆ. ನಿನ್ನ ಮಗಳಿಗೆ ಮೂರು ವರ್ಷ ಅಲ್ವಾ, ಇನ್ನೂ ಸಮಯವಿದೆ. ತುಳು ಬರುತ್ತದಲ್ಲಾ, ತುಳುವರ ಕಾರ್ಯಕ್ರಮಕ್ಕೂ ಹೋಗು. ತುಳು ಮಾತಾಡಿದರೆ ಜಿಲ್ಲೆ ಯಾರೂ ಕೇಳುವುದಿಲ್ಲ. ಮಾತಾಡುವುದು ಉಡುಪಿಯವರೋ ಉಪ್ಪಳದ ಮುಸ್ಲಿಂ ಬ್ಯಾರಿಯೋ ಎಂದು ಎಷ್ಟೋ ಸಲ ಹೆಸರು ಕೇಳಿದ ಮೇಲೇ ನನಗೆ ಗೊತ್ತಾಗುವುದು.

ನಮ್ಮದು ಎಂಟು ಹತ್ತು ಮನೆಯವರ ಒಂದು ತಾಳಮದ್ದಳೆ ಉಂಟು, ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ. ವೇಷ ಬೇಡ, ರಂಗಸ್ಥಳ ಬೇಡ, ಸೋಫಾ ಗೋಡೆಗೆ ಸರಿಸಿದರೆ ಆಯಿತು. ಮೊದಲ ಸಲ ಹುಮ್ಮಸ್ಸಿನಲ್ಲಿ ಚೆಂಡೆ ತಂದಿದ್ದರು. ಪೀಠಿಕೆಯ ಪೆಟ್ಟು ಮುಗಿಯುವ ಮೊದಲೇ ವಾಚ್‌ಮನ್ ಬಾಗಿಲಲ್ಲಿ. ಈಗ ಮದ್ದಳೆ, ಜಾಗಟೆ ಮಾತ್ರ, ಹತ್ತು ಗಂಟೆಗೆ ಮಂಗಳ. ನಮ್ಮ ರಾವಣ ಒಬ್ಬ ಅಕೌಂಟೆಂಟ್. ಅವನ ವಾದ ಹತ್ತಕ್ಕೆ ಮುಗಿಯುವುದು ಕಷ್ಟ, ಆದರೂ ಮುಗಿಸುತ್ತಾನೆ. ಮೊದಲು ಶುಕ್ರವಾರ ಮಾಡುತ್ತಿದ್ದೆವು. 2022ರಲ್ಲಿ ರಜೆ ಶನಿವಾರ, ಭಾನುವಾರಕ್ಕೆ ಬದಲಾದ ಮೇಲೆ ಶನಿವಾರ.

ಒಂದು ವಿಷಯದಲ್ಲಿ ಜಾಗ್ರತೆ. ಊರಿನ ದೇವಸ್ಥಾನದ ಬ್ರಹ್ಮಕಲಶಕ್ಕೆ, ಭಜನಾ ಮಂದಿರಕ್ಕೆ ಎಂದು ಇಲ್ಲಿ ರಶೀದಿ ಪುಸ್ತಕ ಹಿಡಿದು ಹೊರಡಬೇಡ, ವಾಟ್ಸಾಪಿನಲ್ಲೂ ಕೇಳಬೇಡ. ಪರವಾನಗಿ ಇಲ್ಲದೆ ಚಂದಾ ಎತ್ತುವುದು ಈ ದೇಶದಲ್ಲಿ ಅಪರಾಧ. ಹೊಸಬರಿಗೆ ಇದು ಗೊತ್ತಿರುವುದಿಲ್ಲ, ಒಳ್ಳೆಯ ಮನಸ್ಸಿನಿಂದಲೇ ಸಿಕ್ಕಿಬೀಳುತ್ತಾರೆ.

ಬರುವ ಶನಿವಾರ ಸಂಜೆ ನಮ್ಮಲ್ಲೇ ತಾಳಮದ್ದಳೆ. ಮಗಳನ್ನೂ ಕರೆದುಕೊಂಡು ಬನ್ನಿ. ಬರುವ ದಾರಿಯಲ್ಲಿ ಚೇಂಬಿಲ ಕಂಡರೆ ಎರಡು ಕಟ್ಟು ಹಿಡಿದುಕೋ. ಅಕ್ಕಿ ನಾನು ನೆನೆಹಾಕಿರುತ್ತೇನೆ.