ಹೊರದೇಶದ ದೇಣಿಗೆಯಲ್ಲಿ ನಡೆಯುವ ಹಾಸ್ಟೆಲ್ ಶಾಲೆಯಲ್ಲಿ ಮಗುವಿಗೆ ಲೈಂಗಿಕ ಕಿರುಕುಳವಾದರೆ ಯಾರು ಹೊಣೆ? ತಡೆಯುವುದು ಹೇಗೆ?

ದುಡ್ಡು ಯಾವ ದೇಶದಿಂದ ಬಂದರೂ ಕಾನೂನು ನಮ್ಮದೇ. ಕಿರುಕುಳ ಕೊಟ್ಟವನಷ್ಟೇ ಅಲ್ಲ, ತನ್ನ ಸಿಬ್ಬಂದಿ ಮಾಡಿದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದ ಮುಖ್ಯಸ್ಥರೂ ಹೊಣೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಲ್ಲಿ ಹಾಗೆ ತಿಳಿಸದ ಮುಖ್ಯಸ್ಥರಿಗೆ 1 ವರ್ಷದವರೆಗೆ ಜೈಲು, ಜೊತೆಗೆ ದಂಡ ಇದೆ. ‘ನಾವೇ ಒಳಗೆ ವಿಚಾರಿಸ್ತೀವಿ’ ಅಂತ ಕೂರುವಂತಿಲ್ಲ.

ಇಂಥದ್ದು ಮುಚ್ಚಿಹೋಗುವುದು ಕೇಳುವವರು ದೂರ ಇರುವುದರಿಂದ. ಯಾದಗಿರಿ ಕಡೆ ಎಷ್ಟೋ ಅಪ್ಪ ಅಮ್ಮ ಬೆಂಗಳೂರು, ಪುಣೆಗೆ ಗುಳೆ ಹೋಗಿರುತ್ತಾರೆ. ದಾನಿಗಳು ಇನ್ನೂ ದೂರ. ಅವರಿಗೆ ಕಾಣುವುದು ಶಾಲೆಯವರೇ ಕಳಿಸಿದ ಫೋಟೋ, ವರದಿ ಮಾತ್ರ. ಮಗು ಯಾರಿಗೆ ಹೆದರುತ್ತದೋ ಅವರಿಗೇ ಹೇಳಿಕೊಳ್ಳಬೇಕು. ಹೇಳುತ್ತದಾ?

ಹಾಗಾಗಿ ಶಾಲೆಯ ಸಂಬಳ ತಗೊಳ್ಳದ ಒಬ್ಬರು ಆಗಾಗ ಬಂದು ಮಕ್ಕಳ ಜೊತೆ ಮಾತಾಡಬೇಕು, ವಾರ್ಡನ್ ಪಕ್ಕದಲ್ಲಿ ಇರಬಾರದು. ದೇಣಿಗೆ ಕೊಡುವವರು ಇದನ್ನೇ ಷರತ್ತು ಮಾಡಬೇಕು ಅನ್ನೋದು ನನ್ನ ಅಭಿಪ್ರಾಯ. ಮಕ್ಕಳ ಸಹಾಯವಾಣಿ 1098 ಆಫೀಸ್ ಗೋಡೆ ಮೇಲಿದ್ದರೆ ಸಾಲದು. ಮಕ್ಕಳು ತಟ್ಟೆ ತೊಳೆಯುವ ನಲ್ಲಿ ಹತ್ತಿರ ದೊಡ್ಡದಾಗಿ ಬರೆಸಿ. ಕೈಗೆ ಸಿಗುವ ಫೋನೂ ಬೇಕು, ಅಲ್ವಾ?

ಅನುಮಾನ ಬಂದರೆ ಸಾಕ್ಷಿಗೆ ಕಾಯಬೇಡಿ. ಪ್ರಾಮಾಣಿಕವಾಗಿ ದೂರು ಕೊಟ್ಟವರಿಗೆ ಕಾನೂನಿನ ರಕ್ಷಣೆ ಇದೆ. ಮಗು ಠಾಣೆಗೆ ಹೋಗಬೇಕಿಲ್ಲ. ಪೊಲೀಸರೇ ಯೂನಿಫಾರ್ಮ್ ಇಲ್ಲದೆ ಮಗು ಇರುವಲ್ಲಿಗೆ ಬಂದು ಹೇಳಿಕೆ ಬರೆದುಕೊಳ್ಳಬೇಕು.